ಮಂಗದ ಕೆನ್ನೆಯೊಳಗಿನ ದ್ರಾಕ್ಷಿ

ಹಲಗೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಮಂಗ ಎಂದು ಬರೆದೆ. ಬಲಕ್ಕೆ ಉಣ್ಣಿ ಎಂದು ಬರೆದೆ.

ಬಿ.ಎಸ್ಸಿ. ಎರಡನೇ ವರ್ಷದ ತರಗತಿ. ಆಶ್ರಯ ಕೊಡುವ ಜೀವಿ ಮತ್ತು ಅದರ ಮೈಮೇಲೆ ಬದುಕುವ ಜೀವಿ, ಇದು ಅಂದಿನ ಪಾಠ. ನಮ್ಮ ಸೀಮೆಯ ಕೆಂಪು ಮೋರೆಯ ಮಂಗವನ್ನೂ ಅದರ ಕಿವಿಯಂಚಿಗೆ ಕಚ್ಚಿಕೊಳ್ಳುವ ಉಣ್ಣಿಯನ್ನೂ ಅಕ್ಕಪಕ್ಕ ಇಟ್ಟು ಹೇಳಿದೆ. ಮಂಗ ಹುಟ್ಟಿದಾಗಿನಿಂದ ಸಾಯುವ ತನಕ ಗುಂಪಿನಲ್ಲಿರುತ್ತದೆ. ಉಣ್ಣಿ ಒಂಟಿ. ಮಂಗ ಹುಡುಕಿಕೊಂಡು ಹೋಗಿ ತಿನ್ನುತ್ತದೆ. ಉಣ್ಣಿ ಹುಲ್ಲಿನ ತುದಿಗೆ ಏರಿ, ಮುಂದಿನ ಎರಡು ಕಾಲು ಎತ್ತಿ, ಕಾಯುತ್ತದೆ. ವಾರ ಕಾಯುತ್ತದೆ, ತಿಂಗಳು ಕಾಯುತ್ತದೆ. ಬಿಸಿ ಉಸಿರು ಹತ್ತಿರ ಬಂದರೆ ಹತ್ತಿಕೊಳ್ಳುತ್ತದೆ. ಮಂಗ ಸಿಕ್ಕದ್ದನ್ನು ಅವಸರದಲ್ಲಿ ಕೆನ್ನೆಯೊಳಗಿನ ಚೀಲಕ್ಕೆ ತುಂಬಿಕೊಂಡು ಓಡುತ್ತದೆ, ಆಮೇಲೆ ಕೂತು ತಿನ್ನುತ್ತದೆ. ಉಣ್ಣಿಗೆ ಮೈಯೇ ಚೀಲ.

ಕೊನೆಗೆ ಮಂಗಗಳ ಗುಂಪಿನ ಬಗ್ಗೆ ಹೇಳಿದೆ. ಹೆಣ್ಣು ಮಂಗಗಳಲ್ಲಿ ಮೇಲು ಕೀಳು ಇದೆ. ತಾಯಿಯ ಜಾಗ ಯಾವುದೋ ಮಗಳ ಜಾಗವೂ ಅದೇ. ಕೆಳಗಿನದು ಮೇಲಿನದರ ಮೈ ಹೆಕ್ಕಿ ಹುಳ ತೆಗೆಯುವುದೇ ಹೆಚ್ಚು.

ಹಿಂದಿನ ಬೆಂಚಿನಿಂದ ದನಿ ಬಂತು. "ಮೇಡಂ, ಮಂಗ್ಯಾಗಳಿಗೆ ಮೀಸಲಾತಿ ಇಲ್ಲೇನ್ರಿ?"

ತರಗತಿ ನಕ್ಕಿತು. ಕೆಲವರು ನಕ್ಕು ನನ್ನ ಮುಖ ನೋಡಿದರು. ನಾನು ಡಸ್ಟರ್ ತೆಗೆದುಕೊಂಡು ಹಲಗೆ ಒರೆಸಿದೆ. ನಾನು ಅತಿಥಿ ಉಪನ್ಯಾಸಕಿ. ವರ್ಷಕ್ಕೊಮ್ಮೆ ಆರ್ಡರ್. ಯಾವ ಮಾತು ಯಾರ ಕಿವಿಗೆ ಹೋಗಿ ಮುಟ್ಟುತ್ತದೆ ಎಂದು ಅಳೆದೇ ಬಾಯಿ ತೆರೆಯುತ್ತೇನೆ. ಬಾಗಿಲ ಕಡೆ ಒಂದು ಕಣ್ಣು ಇಟ್ಟೇ ಪಾಠ ಮಾಡುತ್ತೇನೆ.

ಬಾಗಿಲಲ್ಲಿ ನಮ್ಮ ವಿಭಾಗದ ಮುಖ್ಯಸ್ಥ ರಾಜಾರಾಮ ಸರ್ ನಿಂತಿದ್ದರು. ಹೊರಗೆ ಕರೆದರು.

"ಮೇಘಾ ಮೇಡಂ, ನಿಮ್ಮೂರ ಶಂಕ್ರೆಪ್ಪ ಸಾವ್ಕಾರ್ರು ಫೋನ್ ಮಾಡಿದ್ರು. ಘೋಣಸಗ್ಯಾಗ ನಾಕ ಮಂಗ್ಯಾ ಸತ್ತಾವಂತ. ಉಣ್ಣಿ ಕಡದು ರೋಗ ಬಂದೈತಿ ಅಂತಾರ. ನೀವ ಅದನ್ನ ಓದಿದಾಕಿ. ಹೋಗ್ರಿ, ಅವ್ರು ಏನ್ ಕೇಳ್ತಾರ ಬರದ ಕೊಟ್ಟ ಬರ್ರಿ."

"ನಾನು ನೋಡಿ..."

"ಅವ್ರು ನಮ್ಮ ಕಾಲೇಜ ಕಮಿಟ್ಯಾಗ ಅದಾರ. ನಿಮ್ಮ ಮುಂದಿನ ವರ್ಷದ ಆರ್ಡರ್ ಇನ್ನೂ ಆಗಿಲ್ಲ. ನೆನಪಿರ್ಲಿ."

ನೋಡಿದ್ದನ್ನು ಬರೆಯುವುದು ಬೇರೆ, ಕೇಳಿದ್ದನ್ನು ಬರೆಯುವುದು ಬೇರೆ. ಹಾಗೆಂದು ಹೇಳಬೇಕಿತ್ತು. "ಆಯ್ತು ಸರ್" ಅಂದೆ.

ಅಥಣಿ ರಸ್ತೆಯಲ್ಲಿ ಬಸ್ಸಿಗೆ ನಿಂತಾಗ ಅಪ್ಪನ ಫೋನು ಬಂತು.

"ಯವ್ವಾ, ನೀ ಇತ್ಲಾಗ ಬರಬ್ಯಾಡ."

"ಯಾಕಪ್ಪಾ? ಏನಾಗೇತಿ?"

"ಮಂಗ್ಯಾ ಹೊತ್ತ ಒಗೀರಿ ಅಂತ ಕೇರಿಗೆ ಬಂದ ನಿಂತಾರ. ನಾವು ಒಲ್ಲೆ ಅಂದೇವಿ. ಮುಂಜಾನಿಂದ ನಿಂತೇವಿ."

ಫೋನು ಕಡಿಯಿತು. ಬಸ್ಸು ಬಂತು. ಹತ್ತಿದೆ.

ನಮ್ಮೂರಲ್ಲಿ ಮಂಗ ಸತ್ತರೆ ಊರೇ ನಿಲ್ಲುತ್ತದೆ. ಹೆಣಕ್ಕೆ ಸ್ನಾನ ಮಾಡಿಸುತ್ತಾರೆ. ಹೊಸ ಕೇಸರಿ ಬಟ್ಟೆ ಸುತ್ತುತ್ತಾರೆ. ಕುರ್ಚಿಯಲ್ಲಿ ಕೂರಿಸಿ, ಗುಲಾಲು ಎರಚಿ, ಭಜನೆ ಹಾಡುತ್ತ ಹೊತ್ತು ಹಣಮಪ್ಪನ ಗುಡಿಯ ಹಿಂದೆ ಹೂಳುತ್ತಾರೆ. ಹೊರಲು ಜನ ನಾ ಮುಂದೆ ತಾ ಮುಂದೆ ಎನ್ನುತ್ತಾರೆ. ನಮ್ಮ ಕೇರಿಯವರು ದೂರ ನಿಂತು ನೋಡಬೇಕು.

ದನ ಸತ್ತರೆ ಬೇರೆ. ಆಗ ಕೇರಿಗೆ ಆಳು ಬರುತ್ತಿದ್ದ. ಅಪ್ಪ ಹಗ್ಗ ತೆಗೆದುಕೊಂಡು ಹೋಗುತ್ತಿದ್ದ. ಎಮ್ಮೆಯ ಹೆಣ ಎಳೆದು ಎಳೆದು ಅವನ ಎಡ ಭುಜ ಇಳಿದಿದೆ. ಒಂಬತ್ತು ವರ್ಷದ ಹಿಂದೆ ಕೇರಿಯ ಹದಿನಾಲ್ಕು ಮನೆಯವರು ಬೌದ್ಧ ದೀಕ್ಷೆ ತೆಗೆದುಕೊಂಡೆವು. ಅಂದೇ ಸಂಜೆ ಎಲ್ಲರೂ ಕೂತು ಮಾತು ಕೊಟ್ಟೆವು. ಇನ್ನು ಸತ್ತದ್ದನ್ನು ಎಳೆಯುವುದಿಲ್ಲ. ಎಳೆದವನು ಕೇರಿಯವನಲ್ಲ. ಅಪ್ಪ ಹಗ್ಗವನ್ನು ಒಲೆಗೆ ಹಾಕಿದ. ಅಂದಿನಿಂದ ಊರವರು ಹೆಣ ಎಳೆಯಲು ಟ್ರ್ಯಾಕ್ಟರ್ ಬಳಸುತ್ತಾರೆ. ಅಂದಿನಿಂದ ನಮ್ಮ ಮೇಲೆ ಹಲ್ಲು ಕಡಿಯುತ್ತಾರೆ.

ಟಿಕೋಟಾದಲ್ಲಿ ಇಳಿದು ಟಂಟಂ ಆಟೊ ಹಿಡಿದೆ. ದಾರಿಯ ಎರಡೂ ಕಡೆ ದ್ರಾಕ್ಷಿ ತೋಟ. ಎಲ್ಲರದೂ ಕಟಾವು ಮುಗಿದಿತ್ತು. ಬಳ್ಳಿಗಳು ಬೋಳಾಗಿದ್ದವು. ಶಂಕ್ರೆಪ್ಪನ ತೋಟದಲ್ಲಿ ಮಾತ್ರ ಇನ್ನೂ ಹಣ್ಣಿತ್ತು. ಬಳ್ಳಿ ಕತ್ತರಿಸುವ ಚಾಟನಿಯನ್ನು ತಡವಾಗಿ ಮಾಡಿಸಿದ್ದ.

ಗುಡಿಯ ಕಟ್ಟೆಯ ಕೆಳಗೆ ಗೋಣಿಚೀಲದ ಮೇಲೆ ನಾಲ್ಕು ಮಂಗ ಮಲಗಿದ್ದವು. ಒಂದು ಹೆಣ್ಣು. ಅದರ ಎದೆಗೆ ಅಂಟಿದ್ದ ಮರಿಯೂ ಸತ್ತಿತ್ತು. ಮರಿಯನ್ನು ಯಾರೂ ಎಣಿಸಿರಲಿಲ್ಲ. ಬಟ್ಟೆ ಇಲ್ಲ, ಕುರ್ಚಿ ಇಲ್ಲ, ಗುಲಾಲು ಇಲ್ಲ. ಊರವರು ಇಪ್ಪತ್ತು ಮಾರು ದೂರದಲ್ಲಿ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಬೇವಿನ ಮರದ ಕೆಳಗೆ ನಮ್ಮ ಕೇರಿಯವರು. ಎಲ್ಲರ ಮುಂದೆ ನನ್ನಪ್ಪ ಗೊಲ್ಲಾಳಪ್ಪ. ಕೈ ಹಿಂದಕ್ಕೆ ಕಟ್ಟಿದ್ದ.

ಶಂಕ್ರೆಪ್ಪನ ಮಗ ಮುತ್ತು ಟ್ರ್ಯಾಕ್ಟರಿನ ಮೇಲೆ ಕೂತಿದ್ದ. "ಬಂದ್ರ ಬಂದ್ರ, ಉಣ್ಣಿ ಮೇಡಂ ಬಂದ್ರ," ಅಂದ. "ಟಿವ್ಯಾಗ ಮಂಗನ ಕಾಯಿಲೆ ತೋರಸ್ತಾರ ನೋಡೀರಿಲ್ರಿ? ಮುಟ್ಟಿದ್ರ ಜ್ವರ. ಈ ಮಂದಿಗೆ ನೀವರ ತಿಳಿಸಿ ಹೇಳ್ರಿ."

"ಮುಟ್ಟಿದ್ರ ಜ್ವರ ಬರೋದಾದ್ರ ನಮಗ ಬರಾಂಗಿಲ್ಲೇನ ಮುತ್ತಪ್ಪ?" ಅಂದಳು ಪಕ್ಕದ ಮನೆಯ ಸಕ್ರವ್ವ. "ನಮ್ದೇನ ತಗಡಿನ ಮೈ ಏನ?"

"ನಿಮಗ ರೂಢಿ ಐತಿ ಬಿಡ ಬೇ."

ಊರವರಲ್ಲಿ ಕೆಲವರು ನಕ್ಕರು. ಮೂಗಿನ ಟವೆಲ್ ತೆಗೆಯದೆ ನಕ್ಕರು.

ಅಪ್ಪ ಮಾತಾಡಿದ. ಅವನು ಕೂಗುವವನಲ್ಲ. "ಮೇಘಾ ಐದನೇತ್ತ ಇದ್ದಾಗ ನಮ್ಮ ಕೇರಿ ಮುಂದ ಕರೆಂಟ್ ಹೊಡದು ಒಂದ ಮಂಗ್ಯಾ ಬಿತ್ತು. ಜೀವ ಇತ್ತು. ಎತ್ತಿ ಬಾಯಾಗ ನೀರ ಬಿಟ್ಟೆ. ಹಣಮಪ್ಪನ್ನ ಮೈಲಿಗಿ ಮಾಡಿದಿ ಅಂತ ಇದ ಕಟ್ಟಿ ಮುಂದ ತಲಿಮ್ಯಾಲ ಚಪ್ಪಲಿ ಹೊರಸಿ ನಿಂದರ್ಸಿದ್ರಿ. ಹೊತ್ತ ಮುಳುಗೂ ತನಾ. ಅಂದ ಇದು ದೇವ್ರು, ನಾ ಮುಟ್ಟಬಾರದು. ಇಂದ ಇದು ರೋಗ, ನಾನ ಮುಟ್ಟಬೇಕು. ಯಾವಾಗ ದೇವ್ರು ಯಾವಾಗ ರೋಗ ಅಂತ ಹೇಳಾವ್ರು ಯಾರ್ರಿ?"

ಚಪ್ಪಲಿ ಹೊತ್ತು ನಿಂತ ಅಪ್ಪನ ಕಾಲ ಬಳಿ ಅಂದು ನಾನೂ ಕೂತಿದ್ದೆ. ನೆರಳು ಎಷ್ಟು ಸರಿಯಿತು ಎಂದು ನೋಡುತ್ತಿದ್ದೆ. ನನ್ನ ಹೆದರಿಕೆ ಅಲ್ಲಿಂದ ಶುರುವಾದದ್ದು.

ಶಂಕ್ರೆಪ್ಪ ಕಟ್ಟೆಯಿಂದ ಇಳಿದು ಬಂದ. ಬಿಳಿ ಅಂಗಿ, ಮೆತ್ತಗಿನ ಮಾತು. "ಬಾ ತಂಗಿ. ನಮ್ಮೂರ ಹೆಣ್ಮಗಳು ಕಾಲೇಜಿನ್ಯಾಗ ಮೇಡಂ ಆಗ್ಯಾಳಂದ್ರ ನಮಗೂ ಹೆಮ್ಮಿ ಐತಿ. ಇದಕ್ಕೊಂದ ಸಹಿ ಮಾಡು. ತಹಶೀಲ್ದಾರ್ರಿಗೆ ಕೊಡೋದೈತಿ."

ಕಾಗದ ಓದಿದೆ. ಟೈಪ್ ಮಾಡಿಸಿದ್ದ. ನಾಲ್ಕು ಮಂಗಗಳು ಉಣ್ಣಿ ಕಡಿತದ ರೋಗದಿಂದ ಸತ್ತಿವೆ. ಉಣ್ಣಿಗಳು ಕೇರಿಯ ಆಡುಗಳಿಂದ ಹರಡಿವೆ. ಆದ್ದರಿಂದ ಕೇರಿಯವರು ಹೆಣಗಳನ್ನು ಸಾಗಿಸುವುದಕ್ಕೂ ತಮ್ಮ ಆಡುಗಳನ್ನು ಊರ ಸೀಮೆಯಿಂದ ಹೊರಗೆ ಹಾಕುವುದಕ್ಕೂ ಒಪ್ಪಿರುತ್ತಾರೆ. ಕೆಳಗೆ ನನ್ನ ಹೆಸರು, ಎಂ.ಎಸ್ಸಿ. ಪ್ರಾಣಿಶಾಸ್ತ್ರ. ಅದರ ಕೆಳಗೆ ಕೇರಿಯವರ ಹೆಬ್ಬೆಟ್ಟಿಗೆ ಹದಿನಾಲ್ಕು ಖಾಲಿ ಚೌಕ. ಇಂಕಿನ ಪ್ಯಾಡನ್ನೂ ಕಟ್ಟೆಯ ಮೇಲೆ ತಂದಿಟ್ಟಿದ್ದ.

ಕೇರಿಯಲ್ಲಿ ಅರವತ್ತು ಆಡುಗಳಿವೆ. ಭೂಮಿ ಇಲ್ಲದ ನಮಗೆ ಅವೇ ಹೊಲ.

"ನೋಡದ ಹೆಂಗ ಬರೀಲಿ ಸಾವ್ಕಾರ್ರ?"

"ನೋಡು, ನೋಡು. ಯಾರ್ ಬ್ಯಾಡಂತಾರ?"

ಊಟದ ಡಬ್ಬಿಯ ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡು ಹೆಣಗಳ ಹತ್ತಿರ ಕುಕ್ಕುರುಗಾಲಲ್ಲಿ ಕೂತೆ. ಹೆಣ್ಣು ಮಂಗದ ಕಿವಿ ಮಗುಚಿದೆ. ಎರಡು ಉಣ್ಣಿ. ಒಂದು ಗಂಡಿನ ಕಿವಿಯಲ್ಲಿ ಒಂದು. ಉಳಿದ ಎರಡರಲ್ಲಿ ಒಂದೂ ಇಲ್ಲ.

ಉಣ್ಣಿಯನ್ನು ನಾನು ಮೊದಲು ಕಂಡದ್ದು ಪುಸ್ತಕದಲ್ಲಿ ಅಲ್ಲ. ಶಂಕ್ರೆಪ್ಪನ ಕೊಟ್ಟಿಗೆಯಲ್ಲಿ. ನನ್ನ ಅವ್ವ ಚಂದ್ರಾಬಾಯಿ ಅವನ ಎಮ್ಮೆಗಳ ಹೊಟ್ಟೆಯ ಕೆಳಗೆ ನುಗ್ಗಿ ಕೂತು, ಕೆಚ್ಚಲು ಸಂದಿಯಿಂದ ಒಂದೊಂದೇ ಉಣ್ಣಿ ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಿದ್ದಳು. ಡಬ್ಬಿ ಹಿಡಿಯುವವಳು ನಾನು. ಎಮ್ಮೆ ಒದ್ದರೆ ಅವ್ವ ಸಗಣಿಯಲ್ಲಿ ಬೀಳುತ್ತಿದ್ದಳು. ಎದ್ದು ಮತ್ತೆ ಕೂರುತ್ತಿದ್ದಳು. ಇಡೀ ಊರಿಗೆ ಹಂಚಿದರೂ ಉಳಿಯುವಷ್ಟು ಉಣ್ಣಿ ಅವನ ಕೊಟ್ಟಿಗೆಯಲ್ಲಿದ್ದವು. ಕಾಗದದಲ್ಲಿ ಮಾತ್ರ ಆಡುಗಳ ಹೆಸರಿತ್ತು.

ಮಂಗಗಳ ಬೆರಳು ಮಡಚಿ ಸೆಟೆದಿದ್ದವು. ತುಟಿಯ ಸುತ್ತ ನೊರೆ ಒಣಗಿತ್ತು. ಒಂದೇ ರಾತ್ರಿ ನಾಲ್ಕು. ಹೆಣ್ಣು ಮಂಗದ ಎಡ ಕೆನ್ನೆ ಉಬ್ಬಿತ್ತು. ದವಡೆ ಬಿಗಿದಿತ್ತು. ಪೆನ್ನಿನ ಹಿಂಬದಿ ತೂರಿಸಿ ಬಾಯಿ ತೆರೆದೆ. ಕೆನ್ನೆಯ ಚೀಲವನ್ನು ಹೊರಗಿನಿಂದ ಒತ್ತಿದೆ.

ಒಂದು ದ್ರಾಕ್ಷಿ ಹೊರಗೆ ಬಂತು. ಇನ್ನೊಂದು. ಮತ್ತೊಂದು. ಒಂಬತ್ತು ಬಂದವು. ಜಗಿದಿರಲಿಲ್ಲ. ಆಮೇಲೆ ತಿನ್ನಬೇಕೆಂದು ಇಟ್ಟುಕೊಂಡಿತ್ತು. ಸಿಪ್ಪೆಯ ಮೇಲೆ ನೀಲಿ ಪೊರೆ. ಮೂಗಿಗೆ ಹತ್ತಿರ ತರಬೇಕಾಗಲಿಲ್ಲ. ತೋಟಕ್ಕೆ ಹೊಡೆಯುವ ಎಣ್ಣೆಯ ವಾಸನೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಆ ವಾಸನೆ ನಮ್ಮ ಮನೆಯ ಹಾಸಿಗೆಗೂ ಇದೆ. ಅವ್ವ ಅವನ ತೋಟದಿಂದ ಮನೆಗೆ ಬರುವಾಗ ತರುವ ವಾಸನೆ ಅದು.

ಶಂಕ್ರೆಪ್ಪ ನನ್ನ ಪಕ್ಕಕ್ಕೆ ಬಂದು ನಿಂತ. ಜನರಿಗೆ ಬೆನ್ನು ಮಾಡಿದ. ದನಿ ಇಳಿಸಿದ.

"ಹಣ್ಣು ನನ್ನ ತೋಟದ್ದ. ನಿನಗ ಗೊತ್ತಾತು, ನನಗೂ ಗೊತ್ತೈತಿ. ಬದುವಿನ ಗುಂಟ ಆ ಗೊನಿ ಕಟ್ಟಿದ್ದು ಯಾರ ಕೈ? ನಿಮ್ಮವ್ವನ್ನ ಕೇಳು."

ನಾನು ಮರದ ಕಡೆ ನೋಡಿದೆ. ಅವ್ವ ಹೆಂಗಸರ ಹಿಂದೆ ನಿಂತಿದ್ದಳು. ಸೆರಗು ಮುಂದಕ್ಕೆ ಎಳೆದು ಕೈ ಮುಚ್ಚಿಕೊಂಡಿದ್ದಳು. ನನ್ನ ಕಣ್ಣು ನೋಡಿದಳು. ತಲೆ ಕೆಳಗೆ ಹಾಕಿದಳು.

"ಹಣಮಪ್ಪನ್ನ ಕೊಂದಾಕಿ ಯಾರು ಅಂತ ಈ ಮಂದಿ ಕೇಳಿದ್ರ ನಾ ಏನ್ ಹೇಳ್ಲಿ?" ಅಂದ ಶಂಕ್ರೆಪ್ಪ. "ಅದಕ್ಕ ಹೇಳಾಕತ್ತೇನಿ, ಉಣ್ಣಿ ಅಂತ ಬರಿ. ಉಣ್ಣಿಗೆ ಯಾರೂ ಕಲ್ಲ ಒಗ್ಯಾಂಗಿಲ್ಲ. ನಿಮ್ಮವ್ವ ಉಳೀತಾಳ. ನಿನ್ನ ಆರ್ಡರ್ ಉಳೀತೈತಿ. ನಾಕ ಹೆಣ ಹೊತ್ತ ಒಗದ್ರ ಮುಗೀತು. ನಿಮ್ಮಪ್ಪಗ ಅದೇನ್ ಹೊಸಾದಲ್ಲ."

ಎದ್ದು ನಿಂತೆ. ಎಲ್ಲಿ ಬಾಗಿಲಿದೆ ಎಂದು ನೋಡುವುದು ನನ್ನ ಅಭ್ಯಾಸ. ಅಲ್ಲಿ ಬಾಗಿಲು ಇರಲಿಲ್ಲ. ಸಹಿ ಮಾಡಿದರೆ ಆಡು ಹೋಗುತ್ತವೆ, ಅಪ್ಪನ ಮಾತು ಹೋಗುತ್ತದೆ, ಅಪ್ಪ ಬಗ್ಗಿ ಹೆಣ ಎತ್ತುತ್ತಾನೆ. ಮಾಡದಿದ್ದರೆ ಅವ್ವ ದೇವರನ್ನು ಕೊಂದವಳು. ನಾಳೆ ಸುದ್ದಿ ಟಿಕೋಟಾಕ್ಕೆ ಹೋಗುತ್ತದೆ, ನಾಡಿದ್ದು ಬಬಲೇಶ್ವರದ ಸಂತೆಗೆ. ಮೊಬೈಲಿನಲ್ಲಿ ಅವ್ವನ ಮುಖ ಸುತ್ತುತ್ತದೆ. ಅವಳು ಯಾವ ಊರಿಗೂ ಕೂಲಿಗೆ ಹೋಗುವಂತಿಲ್ಲ. ಯಾವ ದಾರಿಯಲ್ಲೂ ಒಬ್ಬಳೇ ನಡೆಯುವಂತಿಲ್ಲ.

ದ್ರಾಕ್ಷಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಪೆನ್ನು ಒರೆಸಿದೆ. ಕಾಗದವನ್ನು ಕಟ್ಟೆಯ ಮೇಲೆ ಇಟ್ಟೆ. ಸುಳ್ಳು ಹೇಳುವುದಿಲ್ಲ. ಸಹಿ ಮಾಡಬೇಕೆಂದೇ ಇಟ್ಟೆ.

"ಮೇಘಾ, ಅದರಾಗೇನ್ ಬರದೈತಿ?"

ಅವ್ವ ಹೆಂಗಸರ ಸಾಲು ಬಿಟ್ಟು ಮುಂದೆ ಬಂದಿದ್ದಳು.

"ಏನಿಲ್ಲ ಬೇ. ನೀ ಹೋಗು."

"ಓದು. ಎಲ್ಲಾರಿಗೂ ಕೇಳೂ ಹಂಗ ಓದು."

ಓದಿದೆ. ಆಡುಗಳ ಸಾಲು ಬಂದಾಗ ಸಕ್ರವ್ವ ನೆಲಕ್ಕೆ ಉಗುಳಿದಳು. ಹೆಣ ಸಾಗಿಸುವ ಸಾಲು ಬಂದಾಗ ಅಪ್ಪ ನನ್ನ ಕಡೆ ನೋಡಿದ. ಪೆನ್ನಿನ ಕಡೆ ನೋಡಿದ.

"ಸುಳ್ಳ," ಅಂದಳು ಅವ್ವ.

"ಚಂದ್ರಾಬಾಯಿ, ಬಾಯಿ ಮುಚ್ಕೊಂಡ ನಿಲ್ಲು," ಅಂದ ಶಂಕ್ರೆಪ್ಪ.

"ಇಷ್ಟ ವರ್ಷ ಮುಚ್ಕೊಂಡೀನ್ರಿ ಸಾವ್ಕಾರ್ರ." ಅವ್ವ ಊರವರ ಕಡೆ ತಿರುಗಿದಳು. "ಕೇಳ್ರಿ. ಈ ಮಂಗ್ಯಾ ಉಣ್ಣಿ ಕಡದ ಸತ್ತಿಲ್ಲ. ನಿನ್ನಿ ಮುಂಜಾನಿ ಇವ್ರು ತಮ್ಮ ಕೈಲೆ ಡ್ರಮ್ಮಿನ್ಯಾಗ ಎಣ್ಣಿ ಕಲಿಸಿದ್ರು. ಗೊನಿ ಅದ್ದಿ ಬದುವಿನ ಗುಂಟ ಕಟ್ಟ ಅಂದ್ರು. ಹಕ್ಕಿ ಬೆದರಸಾಕ, ವಾಸನಿಗೆ ಬರಾಂಗಿಲ್ಲ ಅಂದ್ರು. ನಾ ಅದ್ದಿ ಕಟ್ಟೀನಿ. ನಲವತ್ತ ಗೊನಿ. ಬರಿಗೈಲೆ."

ಊರವರಲ್ಲಿ ಒಬ್ಬ ಕೂಗಿದ. "ಹಣಮಪ್ಪನ್ನ ಕೊಂದ್ಯಾ, ಲೇ!" ಇನ್ನೊಬ್ಬ ಕೂಗಿದ. ಮೂಗಿನ ಟವೆಲ್ಲುಗಳು ಇಳಿದವು. ಇಪ್ಪತ್ತು ಮಾರು ದೂರ ನಿಂತವರು ಹತ್ತು ಮಾರಿಗೆ ಬಂದರು. ರೋಗದ ಹೆದರಿಕೆ ಯಾರಿಗೂ ಉಳಿದಿರಲಿಲ್ಲ.

"ಕೇಳಿದ್ರ್ಯಾ?" ಶಂಕ್ರೆಪ್ಪ ಎರಡೂ ಕೈ ಎತ್ತಿದ. "ತನ್ನ ಬಾಯಿಲೇ ಒಪ್ಕೊಂಡ್ಳು. ನಾ ಆಕಿನ್ನ ಉಳಸಾಕ ನೋಡಿದೆ. ನೀವ ಸಾಕ್ಷಿ."

ಮುತ್ತು ಟ್ರ್ಯಾಕ್ಟರ್ ಶುರು ಮಾಡಿದ. ಊರಿನಿಂದ ಹೊರಗೆ ಹೋಗುವ ದಾರಿಗೆ ಅಡ್ಡ ತಂದು ನಿಲ್ಲಿಸಿದ. ನಾನು ಬಂದ ಟಂಟಂ ಆಚೆ ಕಡೆಯಿಂದಲೇ ತಿರುಗಿಸಿಕೊಂಡು ಹೋಯಿತು.

ಅಪ್ಪ ಬಂದು ಅವ್ವನ ಎಡಕ್ಕೆ ನಿಂತ. ಸಕ್ರವ್ವ ಬಲಕ್ಕೆ ನಿಂತಳು. ಕೇರಿಯ ಗಂಡಸರು ಹೆಂಗಸರು ಒಬ್ಬೊಬ್ಬರೇ ಬಂದು ಸುತ್ತ ನಿಂತರು. ಯಾರ ಕೈಯಲ್ಲೂ ಏನೂ ಇರಲಿಲ್ಲ. ನಾನು ಇನ್ನೂ ಕಟ್ಟೆಯ ಹತ್ತಿರವೇ ಇದ್ದೆ. ಶಂಕ್ರೆಪ್ಪನ ಕಡೆ. ಅಲ್ಲಿಂದ ಅವ್ವನ ತನಕ ಎಂಟು ಹೆಜ್ಜೆ. ಕಾಗದ, ಪೆನ್ನು, ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂಬತ್ತು ದ್ರಾಕ್ಷಿ ಎತ್ತಿಕೊಂಡು ಆ ಎಂಟು ಹೆಜ್ಜೆ ನಡೆದೆ.

"ತಂಗಿ, ವಿಚಾರ ಮಾಡು," ಅಂದ ಶಂಕ್ರೆಪ್ಪ. ಮೆತ್ತಗೇ ಅಂದ. "ರಾಜಾರಾಮ ಸರ್ ಫೋನಿಗೆ ಕಾಯಾಕತ್ತಾರ."

"ಹೇಳ್ರಿ ಅವ್ರಿಗೆ," ಅಂದೆ. "ನೋಡೀನಿ ಅಂತ ಹೇಳ್ರಿ."

ಕಾಗದವನ್ನು ಮಗುಚಿದೆ. ಅಪ್ಪ ಬೆನ್ನು ಬಾಗಿಸಿ ನಿಂತ. ಅವನ ಇಳಿದ ಭುಜದ ಮೇಲೆ ಕಾಗದ ಇಟ್ಟು ಬರೆದೆ. ಎಲ್ಲ ಅಳೆದೇ ಬರೆದೆ. ನಾಲ್ಕು ದೊಡ್ಡ ಮಂಗ, ಒಂದು ಮರಿ. ಎರಡು ಹೆಣಗಳ ಮೇಲೆ ಸೇರಿ ಮೂರು ಉಣ್ಣಿ. ಉಣ್ಣಿ ಇದ್ದ ಮಾತ್ರಕ್ಕೆ ರೋಗವೆಂದು ಹೇಳಲಾಗದು, ರಕ್ತ ಪರೀಕ್ಷೆ ಆಗಬೇಕು. ಹೆಣ್ಣು ಮಂಗದ ಕೆನ್ನೆಯ ಚೀಲದಲ್ಲಿ ಜಗಿಯದ ಒಂಬತ್ತು ದ್ರಾಕ್ಷಿ, ಮೇಲೆ ನೀಲಿ ಪೊರೆ, ಕೀಟನಾಶಕದ ವಾಸನೆ. ಆಮೇಲೆ ಅವ್ವ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದೆ. ಡ್ರಮ್ಮಿನಲ್ಲಿ ಎಣ್ಣೆ ಕಲಸಿದವರ ಹೆಸರು ಬರೆದೆ. ಗೊನೆ ಕಟ್ಟಿದವಳ ಹೆಸರಿಗೆ ಬಂದೆ. ಕೈ ನಿಂತಿತು. ಅದು ನನ್ನ ತಾಯಿಯ ಹೆಸರು.

"ಬರಿ," ಅಂದಳು ಅವ್ವ. "ಬಿಟ್ರ ಅವ್ರ ಬರೀತಾರ."

ಬರೆದೆ. ನನ್ನ ಸಹಿ ಹಾಕಿದೆ. ಅವ್ವ ಶಂಕ್ರೆಪ್ಪನ ಕಡೆ ಕೈ ಚಾಚಿದಳು.

"ಆ ಪ್ಯಾಡ್ ಕೊಡ್ರಿ. ನಮ್ಮ ಹೆಬ್ಬಟ್ಟ ಒತ್ತಸಾಕ ತಂದೀರಲ್ಲ."

ಅವನು ಕೊಡಲಿಲ್ಲ. ಸಕ್ರವ್ವ ಹೋಗಿ ಕಟ್ಟೆಯಿಂದ ಎತ್ತಿಕೊಂಡು ಬಂದಳು. ಅವನ ಅಂಗಿಗೆ ಅವಳ ಸೀರೆ ತಗುಲಿತು. ಅವನು ಹಿಂದೆ ಸರಿದ.

ಅವ್ವ ಸೆರಗಿನಿಂದ ಕೈ ತೆಗೆದಳು. ಹೆಬ್ಬೆರಳು ಇಂಕಿಗೆ ಒತ್ತಿದಳು. ಕಾಗದಕ್ಕೆ ಒತ್ತಿದಳು. ನೀಲಿ ಮಚ್ಚೆ ಬಿತ್ತು. ಅಷ್ಟೇ. ಒಂದು ಗೆರೆಯೂ ಇರಲಿಲ್ಲ. ಇನ್ನೊಮ್ಮೆ ಒತ್ತಿದಳು. ಬಲಗೈ ಬಿಟ್ಟು ಎಡಗೈ ಒತ್ತಿದಳು. ಮತ್ತೊಂದು ಮಚ್ಚೆ.

ಅವಳ ಅಂಗೈ ಹಿಡಿದು ನೋಡಿದೆ. ಬೆರಳ ತುದಿಗಳು ಸುಟ್ಟ ಹಾಲಿನ ಕೆನೆಯಂತೆ ಸುಲಿದಿದ್ದವು. ಸುಲಿದ ಜಾಗ ನುಣ್ಣಗೆ, ಕೆಂಪಗೆ. ಇದು ನಿನ್ನೆಯದಲ್ಲ. ಹದಿನೆಂಟು ವರ್ಷ ಅವನ ತೋಟದಲ್ಲಿ, ಕಾಯಿ ದಪ್ಪವಾಗಲೆಂದು, ಗೊನೆಗಳನ್ನು ಔಷಧದಲ್ಲಿ ಅದ್ದಿದ ಕೈ. ಪ್ರತಿ ವಾರ ಮನೆಗೆ ಬರುತ್ತಿದ್ದೆ. ಎಲ್ಲವನ್ನೂ ಕಾದು ನೋಡುವವಳು ನಾನು, ಇದನ್ನು ನೋಡಿರಲಿಲ್ಲ.

ಟ್ರ್ಯಾಕ್ಟರಿನ ಮೇಲೆ ಮುತ್ತು ನಕ್ಕ. "ಗೆರಿನ ಇಲ್ಲಲ್ಲೋ ಯಪ್ಪಾ! ಇದ್ಯಾರ ಹೆಬ್ಬಟ್ಟ ಅಂತ ಯಾರ್ ನಂಬತಾರ? ಕಚೇರ್ಯಾಗ ಹರದ ಒಗೀತಾರ."

ಜನ ಇನ್ನೆರಡು ಮಾರು ಹತ್ತಿರ ಬಂದರು. ಯಾರೋ ಬಗ್ಗಿ ಕಲ್ಲು ಎತ್ತಿದ್ದು ಕಂಡಿತು. ಅಪ್ಪ ಬಾಗಿಸಿದ ಬೆನ್ನು ಎತ್ತಲಿಲ್ಲ.

ಅವ್ವ ಮಚ್ಚೆಗಳನ್ನು ನೋಡಿದಳು. ತನ್ನ ಬೆರಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಗೆರಿ ಎಲ್ಲಿ ಹೋದವು ಅಂತ ನಿನಗ ಗೊತ್ತಾತಲ್ಲ?" ಅಂದಳು. "ಅದನ್ನೂ ಬರಿ."